ಬೇಳೆ ಮಿಲ್ಲಿನ ಅರ್ಧ ದಿನದ ಕೆಲಸ: ಬಿಡಬೇಕೋ, ಮುಂದುವರಿಸಬೇಕೋ?

ಬ್ರಹ್ಮಪುರದಾಕಿ

ಎಲ್ಲರಿಗೂ ಶರಣು. ಕಲಬುರಗಿಯ ಒಂದು ಬೇಳೆ ಮಿಲ್ಲಿನ ಕಚೇರಿಯಲ್ಲಿ ನಾನು ಬೆಳಿಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಎರಡೂವರೆಯವರೆಗೆ ಕೆಲಸ ಮಾಡುತ್ತೇನೆ. ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಮುಗಿಸಿದ್ದೇನೆ, ವಯಸ್ಸು ಮೂವತ್ತಮೂರು, ಮಗಳು ಎರಡನೆಯ ತರಗತಿಯಲ್ಲಿದ್ದಾಳೆ. ಬರುವ ಯುಗಾದಿಯ ಹೊತ್ತಿಗೆ ಈ ಕೆಲಸಕ್ಕೆ ಸೇರಿ ಐದು ವರ್ಷ ತುಂಬುತ್ತದೆ. ಸಂಬಳ ತಿಂಗಳಿಗೆ 11,000 ರೂಪಾಯಿ, ಅದರಲ್ಲಿ ಪಿಎಫ್ (ಭವಿಷ್ಯ ನಿಧಿ) ಮತ್ತು ಇಎಸ್‌ಐ (ನೌಕರರ ಆರೋಗ್ಯ ವಿಮೆ) ಮುರಿದುಕೊಂಡು ಉಳಿದದ್ದು ಖಾತೆಗೆ ಬರುತ್ತದೆ. ಈ ಕೆಲಸವನ್ನು ಬಿಡಬೇಕೋ ಬೇಡವೋ ಎಂದು ಕೆಲವು ತಿಂಗಳುಗಳಿಂದ ತೂಗಿ ನೋಡುತ್ತಿದ್ದೇನೆ. ಮನೆಯಲ್ಲಿ ಕೇಳಿದರೆ ಉತ್ತರ ಮೊದಲೇ ಸಿದ್ಧವಾಗಿರುವುದರಿಂದ ಇಲ್ಲಿ ಕೇಳುತ್ತಿದ್ದೇನೆ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ತೂಕದ ಚೀಟಿಗಳನ್ನು ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶಕ್ಕೆ ಏರಿಸುವುದು, ಲಾರಿ ಬಾಡಿಗೆಗೂ ಹಮಾಲಿಗೂ ವೋಚರ್ ಬರೆಯುವುದು, ಅಡತಿ (ಕಮಿಷನ್ ದಲ್ಲಾಳಿ) ಅಂಗಡಿಗಳಿಂದ ಬಂದ ಪಟ್ಟಿಗಳನ್ನು ಫೈಲಿಗೆ ಹಾಕುವುದು, ತಿಂಗಳಿಗೊಮ್ಮೆ ಎಲ್ಲವನ್ನೂ ಆಡಿಟರ್ ಕಚೇರಿಗೆ ಕಳುಹಿಸುವುದು. ಚೀಟಿಯ ಮೇಲೆ ಮೂರು ಅಂಕಿಗಳಿರುತ್ತವೆ: ತುಂಬಿದ ಲಾರಿಯ ತೂಕ, ಖಾಲಿ ಲಾರಿಯ ತೂಕ, ಮೊದಲನೆಯದರಲ್ಲಿ ಎರಡನೆಯದನ್ನು ಕಳೆದು ಉಳಿದ ಮಾಲಿನ ತೂಕ. ಕಳೆಯುವ ಲೆಕ್ಕವನ್ನೂ ತೂಕದ ಯಂತ್ರವೇ ಮಾಡಿ ಕೊಡುತ್ತದೆ; ನನ್ನ ಪಾಲಿಗೆ ಉಳಿಯುವುದು ಆ ಮೂರನೆಯ ಅಂಕಿಯನ್ನು ನೋಡಿ ಕೀಲಿ ಒತ್ತುವುದಷ್ಟೇ. ಡಿಸೆಂಬರ್ ಕೊನೆಯಿಂದ ಹೊಸ ತೊಗರಿ ಗಂಜಿಗೆ (ಧಾನ್ಯದ ಮಾರುಕಟ್ಟೆಗೆ) ಬರತೊಡಗಿದ ಮೇಲೆ ಎರಡು ಮೂರು ತಿಂಗಳು ತಲೆ ಎತ್ತಲು ಪುರುಸೊತ್ತು ಇರುವುದಿಲ್ಲವೆಂಬುದು ನಿಜ. ಮಳೆಗಾಲದಲ್ಲಿ ಮಾತ್ರ ಬಂದ ಒಂದು ಗಂಟೆಯೊಳಗೆ ದಿನದ ಕೆಲಸ ಮುಗಿದು, ಮಿಕ್ಕ ಹೊತ್ತು ಯಾರಾದರೂ ಬಂದಾರು, ಫೋನಾದರೂ ಬಂದೀತು ಎಂದು ಕುಳಿತಿರುತ್ತೇನೆ.

ಸಾಹುಕಾರರ ಮೇಲೆ ನನ್ನ ದೂರು ಇಲ್ಲ. ಸಂಬಳ ಒಂದನೆಯ ತಾರೀಖು ತಪ್ಪುವುದಿಲ್ಲ, ದೀಪಾವಳಿಗೆ ಬೋನಸ್ ಕೊಡುತ್ತಾರೆ, ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಕಡೆಯ ಸರ್ಕಾರಿ ಕಚೇರಿಗಳು ಎಂಟಕ್ಕೆ ತೆರೆಯುವಂತೆ ನನಗೂ ಬೇಗ ಬಂದು ಬಿಸಿಲೇರುವ ಮೊದಲೇ ಹೋಗಲು ಅನುಮತಿ ಇದೆ. ಮಗಳ ಶಾಲೆ ಮೂರಕ್ಕೆ ಬಿಡುತ್ತದೆ. ಅತ್ತೆಯವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಊಟದ ಹೊತ್ತು ತಪ್ಪುವಂತಿಲ್ಲ. ಹೀಗಾಗಿ "ಇಂಥ ನೆಮ್ಮದಿಯ ಕೆಲಸ ಯಾರಿಗೆ ಸಿಗ್ತದ" ಎಂಬ ಮಾತನ್ನು ಮನೆಯಲ್ಲಿಯೂ ನೆಂಟರಲ್ಲಿಯೂ ಕೇಳಿ ಕೇಳಿ ಅದಕ್ಕೆ ಎದುರು ಹೇಳುವ ಹಕ್ಕೇ ನನಗಿಲ್ಲವೇನೋ ಎನ್ನಿಸುತ್ತದೆ.

ಆದರೆ ಈಚೆಗೆ ಸೇಡಂ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯ ಗುತ್ತಿಗೆದಾರರ ಕಚೇರಿಯಲ್ಲಿ ಲೆಕ್ಕಪತ್ರದ ಹುದ್ದೆಗೆ ಸಂದರ್ಶನಕ್ಕೆ ಹೋಗಿದ್ದೆ. ಪೂರ್ಣಾವಧಿ, 19,000 ರೂಪಾಯಿ. ಅಲ್ಲಿ ಕೇಳಿದ ಮೊದಲ ಪ್ರಶ್ನೆ, "ಜಿಎಸ್‌ಟಿ ರಿಟರ್ನ್ ನೀವೇ ಸಲ್ಲಿಸುತ್ತೀರಾ?" ಎಂದು. ಇಲ್ಲ, ಆಡಿಟರ್ ಕಚೇರಿಯವರು ಸಲ್ಲಿಸುತ್ತಾರೆ ಎಂದೆ. ಮುಂದಿನ ನಾಲ್ಕು ಪ್ರಶ್ನೆಗಳಿಗೂ ಉತ್ತರ ಹೆಚ್ಚು ಕಡಿಮೆ ಅದೇ ಆಗಿತ್ತು. ಆದರೂ ಅವರು ತೆಗೆದುಕೊಳ್ಳಲು ಒಪ್ಪಿದ್ದಾರೆ, ಹೊಸ ಆರ್ಥಿಕ ವರ್ಷದಿಂದ ಬರಬಹುದೆಂದು ಹೇಳಿದ್ದಾರೆ. ಐವತ್ತು ಕಿಲೋಮೀಟರಿಗೂ ಮೀರಿದ ದಾರಿ. ಬಸ್ಸಿನ ಟಿಕೆಟ್ ಶಕ್ತಿ ಯೋಜನೆಯಿಂದ ಉಳಿದರೂ ಹೊತ್ತು ಉಳಿಯುವುದಿಲ್ಲ. ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟರೆ ಸಂಜೆ ದೀಪ ಹಚ್ಚಿದ ಮೇಲೆಯೇ ಮರಳುವುದು. ಇನ್ನೊಂದು ದಾರಿಯೆಂದರೆ ಎರಡನ್ನೂ ಬಿಟ್ಟು ಮನೆಯಲ್ಲಿ ಕುಳಿತು ಸರ್ಕಾರಿ ಪರೀಕ್ಷೆಗೆ ಓದುವುದು.

ನನಗೆ ಬೇಕಾದದ್ದು ಧೈರ್ಯದ ಮಾತಲ್ಲ. ನನ್ನ ಜಾಗದಲ್ಲಿ ನೀವಿದ್ದರೆ ಯಾವುದನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದಿರಿ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಗಂಜಿನ ಲೆಕ್ಕಿಗ

ತಂಗಿ, ಮೊದಲು ತಾರೀಖು ನೋಡಿ, ಮನಸ್ಸಿನ ವಿಚಾರ ಆಮೇಲೆ.

ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಯಲ್ಲಿ ಐದು ವರ್ಷ ಸತತ ಸೇವೆ ಮುಗಿಸಿದವರಿಗೆ ಕೆಲಸ ಬಿಡುವಾಗ ಗ್ರಾಚ್ಯುಟಿ, ಅಂದರೆ ಸೇವೆಗಾಗಿ ಮಾಲೀಕರು ಕೊಡುವ ಇಡಿಗಂಟು, ಸಲ್ಲಬೇಕು. ಕೊನೆಯ ತಿಂಗಳ ವೇತನವನ್ನು ಹದಿನೈದರಿಂದ ಗುಣಿಸಿ, ಇಪ್ಪತ್ತಾರರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ನಿಮ್ಮ 11,000 ರೂಪಾಯಿ ಪೂರ್ತಿಯಾಗಿ ಮೂಲ ವೇತನವೆಂದೇ ಹಿಡಿದರೆ ಐದು ವರ್ಷಕ್ಕೆ ಸುಮಾರು 31,730 ರೂಪಾಯಿ. ಅರ್ಧ ದಿನದವರೆಂಬ ಕಾರಣಕ್ಕೇ ಇದು ತಪ್ಪುವುದಿಲ್ಲ. ವರ್ಷದಲ್ಲಿ 240 ದಿನ ಹಾಜರಿ ಇದ್ದರೆ ಆ ವರ್ಷ ಸತತ ಸೇವೆಯೆಂದೇ ಎಣಿಕೆ. ನಾಲ್ಕು ವರ್ಷ 240 ದಿನ ಆದರೂ ಸಾಕೆಂದು ಮದ್ರಾಸ್ ಹೈಕೋರ್ಟಿನ ತೀರ್ಪೊಂದಿದೆ, ಅದನ್ನು ನಂಬಿ ಕೆಲವರು ಬೇಗ ರಾಜೀನಾಮೆ ಬರೆಯುತ್ತಾರೆ. ಕೋರ್ಟು ಕಚೇರಿ ಅಲೆಯುವ ಹವ್ಯಾಸ ನಿಮಗಿಲ್ಲವಾದರೆ ಐದು ವರ್ಷ ಪೂರ್ತಿಯಾದ ಮರುದಿನದವರೆಗೆ ಕಾಯುವುದೇ ಲೇಸು. ನೇಮಕದ ಪತ್ರದಲ್ಲಿ ಸೇರಿದ ದಿನಾಂಕ ಏನಿದೆಯೆಂದು ಇವತ್ತೇ ತೆಗೆದು ನೋಡಿ. ಪತ್ರವೇ ಇಲ್ಲದಿದ್ದರೆ ಪಿಎಫ್ ದಾಖಲೆಯಲ್ಲಿರುವ ಸೇರ್ಪಡೆಯ ದಿನಾಂಕ ನೋಡಿ. ನಮ್ಮ ಗಂಜಿನಲ್ಲಿ ಕೆಲಸಕ್ಕೆ ಬಂದ ದಿನ ಒಂದು, ಕಾಗದಕ್ಕೆ ಹತ್ತಿದ ದಿನ ಇನ್ನೊಂದು ಆಗಿರುವುದು ಅಪರೂಪವಲ್ಲ.

ಪಿಎಫ್ ಹಣವನ್ನು ಬಿಡುವಾಗ ತೆಗೆಯಬೇಡಿ. ನಿಮ್ಮಿಂದ ಶೇ 12 ಹೋಗುತ್ತದೆ, ಅಂದರೆ 1,320 ರೂಪಾಯಿ. ಮಾಲೀಕರ ಪಾಲಿನಲ್ಲಿ ಶೇ 8.33 ಪಿಂಚಣಿ ಖಾತೆಗೆ ಸೇರುತ್ತದೆ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಹೊಸ ಕಡೆ ಸೇರಿದಾಗ ಅದೇ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್) ಸಂಖ್ಯೆ ಕೊಟ್ಟು ವರ್ಗಾಯಿಸಿಕೊಂಡರೆ ಈ ಐದು ವರ್ಷ ಆ ಹತ್ತರಲ್ಲಿ ಸೇರುತ್ತದೆ, ತೆಗೆದುಬಿಟ್ಟರೆ ಮತ್ತೆ ಒಂದರಿಂದ ಎಣಿಕೆ. ಇಎಸ್‌ಐ ವಿಚಾರದಲ್ಲಿ ನಿಮಗೆ ಆತುರವಿಲ್ಲ. ತಿಂಗಳ ವೇತನ 21,000 ರೂಪಾಯಿವರೆಗೆ ಅದು ಅನ್ವಯಿಸುವುದರಿಂದ ಸೇಡಂ ಕೆಲಸದಲ್ಲಿಯೂ ಮುಂದುವರಿಯಬೇಕು. ಒಂದು ವೇಳೆ ಮನೆಯಲ್ಲಿಯೇ ಉಳಿದರೂ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿದ ವಂತಿಗೆಗೆ ಮುಂದಿನ ಜುಲೈಯಿಂದ ಡಿಸೆಂಬರ್‌ವರೆಗೆ ಸೌಲಭ್ಯದ ಅವಧಿ ಇರುತ್ತದೆ. ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆಯನ್ನು ನೀವು ಬಳಸುತ್ತಿದ್ದರೆ ಮಾರ್ಚ್ ಮುಗಿಸಿ ಬಿಡುವುದಕ್ಕೂ ಫೆಬ್ರವರಿಯಲ್ಲಿ ಬಿಡುವುದಕ್ಕೂ ಇರುವ ಅಂತರವನ್ನು ಅಲ್ಲಿಯೇ ವಿಚಾರಿಸಿಕೊಳ್ಳಿ.

ಇನ್ನು ಕೆಲಸದ ಮಾತು. ಬೇಳೆ ಮಿಲ್ಲಿನ ಲೆಕ್ಕದಲ್ಲಿ ಸವಾಲಿಲ್ಲವೆಂಬುದನ್ನು ನಾನು ಒಪ್ಪುವುದಿಲ್ಲ. ಸವಾಲು ಇರುವ ಭಾಗ ನಿಮ್ಮ ಮೇಜಿಗೆ ಬಂದಿಲ್ಲ, ಅಷ್ಟೇ. ನೂರು ಕಿಲೋ ತೊಗರಿ ಒಡೆದರೆ ಸುಮಾರು ಎಪ್ಪತ್ತರಿಂದ ಎಪ್ಪತ್ತೈದು ಕಿಲೋ ಬೇಳೆ ಬರುತ್ತದೆ, ಉಳಿದದ್ದು ನುಚ್ಚು, ಹೊಟ್ಟು ಮತ್ತು ಒಣಗಿ ಹೋದ ತೇವ. ಆ ಎಪ್ಪತ್ತು ಎಪ್ಪತ್ತೈದರ ನಡುವಿನ ಐದು ಕಿಲೋದಲ್ಲಿಯೇ ಮಿಲ್ಲಿನ ಲಾಭ ನಷ್ಟವೆಲ್ಲ ಇದೆ. ಯಾವ ಅಡತಿಯವರ ಮಾಲಿನಲ್ಲಿ ಎಷ್ಟು ಬೇಳೆ ಬಂತು, ಆಳಂದ ಕಡೆಯ ತೊಗರಿಗೂ ಜೇವರ್ಗಿ ಕಡೆಯದಕ್ಕೂ ವ್ಯತ್ಯಾಸವಿದೆಯೇ, ನುಚ್ಚು ಮತ್ತು ಹೊಟ್ಟು ಮಾರಿದ ಹಣವನ್ನು ಕಳೆದರೆ ಒಂದು ಕ್ವಿಂಟಲ್ ಬೇಳೆ ನಿಜವಾಗಿ ಎಷ್ಟಕ್ಕೆ ಬಿತ್ತು ಎಂಬ ಲೆಕ್ಕ ಅನೇಕ ಕಡೆ ಸಾಹುಕಾರರ ಬಾಯಲ್ಲಿ ಇರುತ್ತದೆ, ಪುಸ್ತಕದಲ್ಲಿ ಇರುವುದಿಲ್ಲ. ನೀವು ದಿನವೂ ಏರಿಸುವ ಆ ತೂಕದ ಚೀಟಿಯೇ ಅದರ ಮೊದಲ ಸಾಲು.

ಜಿಎಸ್‌ಟಿಯೂ ಹಾಗೆಯೇ. 2022ರ ಜುಲೈ 18ರಿಂದ ಹೆಸರು ಮುದ್ರಿಸಿ ಕಟ್ಟಿದ 25 ಕಿಲೋವರೆಗಿನ ಬೇಳೆ ಚೀಲಕ್ಕೆ ಶೇ 5 ತೆರಿಗೆ ಬಂತು, ಅದಕ್ಕಿಂತ ದೊಡ್ಡ ಚೀಲಕ್ಕೆ ಬರಲಿಲ್ಲ. ಮೂವತ್ತು ಕಿಲೋ ಚೀಲಗಳನ್ನು ನೀವು ಕಣ್ಣಾರೆ ನೋಡಿರುತ್ತೀರಿ, ಅವು ಯಾಕೆ ಬಂದವೆಂದು ಈಗ ಹೇಳಬೇಕಾಗಿಲ್ಲ. ಒಂದೇ ಮಿಲ್ಲಿನಿಂದ ತೆರಿಗೆಯ ಮಾಲೂ ವಿನಾಯಿತಿಯ ಮಾಲೂ ಹೊರಟರೆ, ಖಾಲಿ ಚೀಲ, ಯಂತ್ರದ ಬಿಡಿಭಾಗ ಮುಂತಾದವುಗಳ ಮೇಲೆ ಕಟ್ಟಿದ ತೆರಿಗೆಯನ್ನು ಪೂರ್ತಿ ಹಿಂಪಡೆಯುವಂತಿಲ್ಲ. ವಿನಾಯಿತಿಯ ಪಾಲಿನಷ್ಟನ್ನು ಪ್ರತಿ ತಿಂಗಳು ಲೆಕ್ಕ ಹಾಕಿ ಬಿಟ್ಟುಕೊಡಬೇಕು. ಈ ಲೆಕ್ಕವನ್ನು ಕೈಯಾರೆ ಮಾಡಬಲ್ಲವರು ಕಲಬುರಗಿಯಲ್ಲಿ ಬೇಕಾದಷ್ಟು ಜನ ಇಲ್ಲ. ಸಾಹುಕಾರರಿಗೆ ಹೇಳಿ, ತಿಂಗಳಿಗೆ ಒಂದು ದಿನ ಆಡಿಟರ್ ಕಚೇರಿಯಲ್ಲಿ ಕುಳಿತು ರಿಟರ್ನ್ ಸಿದ್ಧಪಡಿಸಲು ಅನುಮತಿ ಪಡೆಯಿರಿ. ಕೊಟ್ಟರೆ ಯುಗಾದಿಯವರೆಗಿನ ತಿಂಗಳುಗಳು ದಂಡವಾಗುವುದಿಲ್ಲ. ಕೊಡದಿದ್ದರೆ, ಬಿಡಬೇಕೋ ಬೇಡವೋ ಎಂಬ ಪ್ರಶ್ನೆಗೆ ಅವರೇ ಉತ್ತರ ಕೊಟ್ಟಂತಾಯಿತು.

ಬೀದರ್ ಕೋಟೆ ಓಣಿ

ಲೆಕ್ಕಿಗ ಅಣ್ಣನವರು ಹೇಳಿದ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅಕ್ಕಾ, ನಿಮ್ಮ ಪ್ರಶ್ನೆಯನ್ನು ಮತ್ತೊಮ್ಮೆ ಓದಿ ನೋಡಿ: ಕೆಲಸದ ಹೊತ್ತು ಮಗಳಿಗೆ ಅನುಕೂಲ, ಅತ್ತೆಯವರಿಗೆ ಅನುಕೂಲ, ಸಾಹುಕಾರರಿಗೂ ಅನುಕೂಲ. ಯಜಮಾನರ ಹೆಸರು ಎಲ್ಲಿಯೂ ಬಂದಿಲ್ಲ. ಅವರ ದಿನಚರಿಯಲ್ಲಿ ಏನೂ ಬದಲಾಗಬೇಕಾಗಿಲ್ಲವಾದ್ದರಿಂದ ಅವರ ಹೆಸರು ಬರೆಯುವ ಅಗತ್ಯವೇ ನಿಮಗೆ ಕಾಣಲಿಲ್ಲ ಎಂದುಕೊಳ್ಳುತ್ತೇನೆ. "ನೆಮ್ಮದಿಯ ಕೆಲಸ" ಎಂದು ಮನೆಯವರು ಹೇಳುವಾಗ ಆ ನೆಮ್ಮದಿ ಯಾರದ್ದೆಂದು ಒಂದು ಸಲ ಕೇಳಿಕೊಳ್ಳಬೇಕು.

ಇದನ್ನು ಜಗಳಕ್ಕೆಂದು ಬರೆಯುತ್ತಿಲ್ಲ. ಬೀದರಿನಲ್ಲಿ ನಾನೂ ಒಂದು ಟ್ರಸ್ಟಿನ ಕಚೇರಿಯಲ್ಲಿ ಅರ್ಧ ದಿನದ ಕೆಲಸದಲ್ಲಿದ್ದವಳು. ಬಿಡುವ ಮೊದಲು ಒಂದು ತಿಂಗಳು, ಕೆಲಸ ಪೂರ್ಣಾವಧಿಯೇ ಇದೆ ಎಂಬಂತೆ ಮನೆ ನಡೆಸಿ ನೋಡೋಣವೆಂದು ಮನೆಯಲ್ಲಿ ಒಪ್ಪಿಸಿದೆ. ಮಗುವನ್ನು ಶಾಲೆಯಿಂದ ಕರೆತರುವುದು ಯಜಮಾನರ ಪಾಲಿಗೆ, ಸಂಜೆಯ ರೊಟ್ಟಿ ಖಾನಾವಳಿಯಿಂದ, ನಾನು ಏಳರವರೆಗೆ ಅಡುಗೆಮನೆಗೆ ಕಾಲಿಡುವಂತಿಲ್ಲ. ಎರಡನೆಯ ವಾರಕ್ಕೇ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂಬುದು ಗೊತ್ತಾಯಿತು. ಮಗುವನ್ನು ಕರೆತರುವುದು ನಾವೆಲ್ಲ ಅಂದುಕೊಂಡಷ್ಟು ಕಷ್ಟವಾಗಿರಲಿಲ್ಲ. ಮಾವನವರಿಗೆ ಹೊತ್ತಿಗೆ ಸರಿಯಾಗಿ ಗುಳಿಗೆ ಕೊಡುವುದು ಮಾತ್ರ ಯಾರಿಂದಲೂ ಆಗಲಿಲ್ಲ. ಆದ್ದರಿಂದ ದೂರದ ಕೆಲಸ ನನಗೆ ಒಗ್ಗುವುದಿಲ್ಲವೆಂದು ತಿಳಿದೇ ನಾನು ಮನೆಯಿಂದ ರಿಟರ್ನ್ ಸಲ್ಲಿಸುವ ಕೆಲಸಕ್ಕೆ ಇಳಿದದ್ದು. ವಾಣಿಜ್ಯ ಪದವಿ ಇರುವವರು ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ರಾಕ್ಟಿಷನರ್ ಎಂದು ನೋಂದಾಯಿಸಿಕೊಳ್ಳಬಹುದು. ನಿಮಗೂ ಆ ದಾರಿ ತೆರೆದಿದೆ.

ಅದರ ಬಣ್ಣವನ್ನೂ ಹೇಳಿಬಿಡುತ್ತೇನೆ, ಮನೆಯಿಂದ ಕೆಲಸವೆಂದರೆ ಜನ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ತಿಂಗಳ ಹನ್ನೊಂದನೆಯ ತಾರೀಖಿಗೆ ಮಾರಾಟದ ವಿವರ ಹೋಗಬೇಕು, ಇಪ್ಪತ್ತಕ್ಕೆ ತೆರಿಗೆಯ ರಿಟರ್ನ್. ಹತ್ತರ ರಾತ್ರಿ ಹನ್ನೊಂದು ಗಂಟೆಗೆ ಬಿಲ್ಲುಗಳ ಫೋಟೊ ಕಳುಹಿಸುವ ಅಂಗಡಿಯವರೇ ಹೆಚ್ಚು. ಐದು ಕೋಟಿಯೊಳಗಿನ ವಹಿವಾಟಿನವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಯೋಜನೆಯನ್ನು ಆರಿಸಿಕೊಳ್ಳಬಹುದಾದ್ದರಿಂದ ಸಣ್ಣ ಅಂಗಡಿಗಳಿಂದ ಪ್ರತಿ ತಿಂಗಳೂ ದುಡ್ಡು ಬರುವುದಿಲ್ಲ. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ನೋಂದಣಿಯೇ ಬೇಕಿಲ್ಲ. ಶುಲ್ಕ ಕೇಳಿದರೆ "ಹಬ್ಬ ಆಗ್ಲಿ ಅಕ್ಕಾವ್ರೆ" ಎನ್ನುತ್ತಾರೆ. ಯಾವ ಹಬ್ಬವೆಂದು ಹೇಳುವುದಿಲ್ಲ. ಮೊದಲ ವರ್ಷ ನಿಮ್ಮ ಈಗಿನ 11,000 ರೂಪಾಯಿಯನ್ನು ಅದರಿಂದ ಎತ್ತುವುದು ಕಷ್ಟ. ಹಾಗಾಗಿ ಮಿಲ್ಲಿನ ಕೆಲಸ ಇರುವಾಗಲೇ ಎರಡು ಮೂರು ಅಂಗಡಿಗಳ ಲೆಕ್ಕ ಹಿಡಿದು ನೋಡುವುದು ಒಳ್ಳೆಯದು, ಸಾಹುಕಾರರಿಗೆ ತಿಳಿಸಿಯೇ.

ಸೇಡಂ ಕೆಲಸದ ಬಗ್ಗೆ ಒಂದೇ ಮಾತು. ಎಂಟು ಸಾವಿರ ಹೆಚ್ಚಿಗೆ ಸಿಗುತ್ತದೆ ಎಂದು ಕಾಣುವುದರಲ್ಲಿ, ಮಗಳನ್ನು ಸಂಜೆಯವರೆಗೆ ನೋಡಿಕೊಳ್ಳುವವರಿಗೆ ಕೊಡುವುದನ್ನೂ ಅಡುಗೆಯ ಸಹಾಯಕ್ಕೆ ಕೊಡುವುದನ್ನೂ ಕಳೆದು ನೋಡಿ. ಉಳಿಯುವುದು ಕಡಿಮೆಯೇ ಇರಬಹುದು. ಆದರೂ ಹೋಗಲು ಕಾರಣವಿದೆ ಎನ್ನಿಸಿದರೆ ಹೋಗಿ. ಸಂಬಳದ ಆಸೆಗೆ ಹೋಗುತ್ತಿದ್ದೇನೆ ಎಂದು ಮಾತ್ರ ಮನೆಯಲ್ಲಿ ಹೇಳಬೇಡಿ, ಆರು ತಿಂಗಳಿಗೆ ಅದೇ ಲೆಕ್ಕವನ್ನು ನಿಮ್ಮ ಮುಂದಿಡುತ್ತಾರೆ.

ಶಹಾಪುರದ ಮೇಷ್ಟ್ರು

ಸರ್ಕಾರಿ ಪರೀಕ್ಷೆ ಎಂಬ ಮೂರನೆಯ ದಾರಿಯ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ.

ಸಂವಿಧಾನದ 371(ಜೆ) ವಿಧಿಯ ಅಡಿ 2013ರಲ್ಲಿ ಹೊರಟ ಆದೇಶದಂತೆ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಸ್ಥಳೀಯ ವೃಂದದಲ್ಲಿ ಗ್ರೂಪ್ ಸಿ ಹುದ್ದೆಗಳ ಶೇ 80 ನಮ್ಮವರಿಗೆ ಮೀಸಲು. ಪ್ರಥಮ ದರ್ಜೆ ಸಹಾಯಕರ ಹುದ್ದೆ ಅದರಲ್ಲಿಯೇ ಬರುತ್ತದೆ, ಪದವಿ ಸಾಕು. ಸಹಾಯಕ ಆಯುಕ್ತರ ಕಚೇರಿಯಿಂದ ಕೊಡುವ ಅರ್ಹತಾ ಪ್ರಮಾಣಪತ್ರ ನಿಮ್ಮಲ್ಲಿ ಇದೆಯೇ? ಇಲ್ಲಿ ಹುಟ್ಟಿದವರಿಗೂ, 2013ರ ಜನವರಿ 1ಕ್ಕೆ ಮೊದಲು ಹತ್ತು ವರ್ಷ ಇಲ್ಲಿ ನೆಲೆಸಿದವರಿಗೂ ಅದು ಸಿಗುತ್ತದೆ. ಮದುವೆಯ ನಂತರ ಹೆಸರು ಬದಲಾಗಿದ್ದರೆ ಶಾಲೆಯ ದಾಖಲೆಗೂ ಆಧಾರ್‌ಗೂ ತಾಳೆ ಆಗದೆ ಓಡಾಟ ಹೆಚ್ಚುತ್ತದೆ. ಅಧಿಸೂಚನೆ ಹೊರಟ ಮೇಲೆ ಆ ಕಚೇರಿಯ ಮುಂದೆ ನಿಲ್ಲುವ ಸಾಲನ್ನು ಒಮ್ಮೆ ನೋಡಿದವರು ಯಾರೂ ಅಲ್ಲಿಯವರೆಗೆ ಕಾಯುವುದಿಲ್ಲ; ನೀವೂ ಈ ಕೆಲಸವನ್ನು ಈಗಲೇ ಮುಗಿಸಿಕೊಳ್ಳಿ.

ನಿಮಗೆ ಗಡುವು ಇರುವುದು ಇಲ್ಲಿ. ಮೂಲ ನಿಯಮದಂತೆ ನೇಮಕಾತಿಯ ಗರಿಷ್ಠ ವಯಸ್ಸು ಸಾಮಾನ್ಯ ವರ್ಗಕ್ಕೆ 35, ಪ್ರವರ್ಗ 2ಎ, 2ಬಿ, 3ಎ, 3ಬಿಯವರಿಗೆ 38, ಪರಿಶಿಷ್ಟರಿಗೂ ಪ್ರವರ್ಗ 1ಕ್ಕೂ 40. ಸರ್ಕಾರ ಆಗಾಗ ಸಡಿಲಿಕೆ ಕೊಡುತ್ತದೆ, ಆದರೆ ಸಡಿಲಿಕೆಯನ್ನು ನಂಬಿ ಯೋಜನೆ ಹಾಕಿಕೊಳ್ಳಲಾಗದು. ನೀವು ಯಾವ ಪ್ರವರ್ಗವೆಂದು ಇಲ್ಲಿ ಹೇಳಬೇಕಾಗಿಲ್ಲ. ನಿಮ್ಮ ಮುಂದೆ ಎರಡು ವರ್ಷವಿದೆಯೋ, ಐದೋ, ಏಳೋ ಎಂಬುದನ್ನು ನೀವೇ ಎಣಿಸಿಕೊಳ್ಳಬಹುದು. ಎರಡೇ ಇದ್ದರೆ ಸೇಡಂ ಬಸ್ಸಿನಲ್ಲಿ ದಿನಕ್ಕೆ ಮೂರು ಗಂಟೆ ಕಳೆಯುವ ಕೆಲಸ ಒಪ್ಪಿಕೊಳ್ಳುವುದು ಪರೀಕ್ಷೆಯನ್ನು ಕೈಬಿಟ್ಟಂತೆಯೇ ಸರಿ.

ಹಾಗೆಂದು ಎಲ್ಲವನ್ನೂ ಬಿಟ್ಟು ಓದಲು ಕೂರುವುದನ್ನು ನಾನು ಒಪ್ಪುವುದಿಲ್ಲ. ಅಧಿಸೂಚನೆ ಯಾವಾಗ ಹೊರಡುತ್ತದೆ, ಪರೀಕ್ಷೆ ಎಷ್ಟು ಸಲ ಮುಂದೆ ಹೋಗುತ್ತದೆ, ಆಯ್ಕೆ ಪಟ್ಟಿ ಕೋರ್ಟಿಗೆ ಹೋಗುತ್ತದೆಯೋ ಇಲ್ಲವೋ ಎಂಬುದು ಯಾರ ಕೈಯಲ್ಲಿಯೂ ಇಲ್ಲ. ಯಾದಗಿರಿಯಲ್ಲಿ ನನ್ನ ಬಳಿ ಓದಿದ ಹುಡುಗಿಯರಲ್ಲಿ ಕೆಲಸ ಬಿಟ್ಟು ಕುಳಿತವರಿಗಿಂತ, ದಿನಕ್ಕೆ ಮೂರು ಗಂಟೆ ಗಟ್ಟಿಯಾಗಿ ಸಿಗುವ ಸಣ್ಣ ಕೆಲಸ ಇಟ್ಟುಕೊಂಡವರು ಹೆಚ್ಚು ದಿನ ಓದು ಹಿಡಿದು ಉಳಿದಿದ್ದಾರೆ. ಮನೆಯಲ್ಲಿ ಇದ್ದಾಳೆಂದ ಮೇಲೆ ಗ್ಯಾಸ್ ಸಿಲಿಂಡರ್ ಬರುವುದಕ್ಕೂ, ನೆಂಟರು ಬರುವುದಕ್ಕೂ, ಪಕ್ಕದ ಮನೆಯ ಶುಭಕಾರ್ಯಕ್ಕೂ ಅವಳೇ ಎಂದಾಗಿಬಿಡುತ್ತದೆ. ನಿಮಗೆ ಈಗ ಕಚೇರಿಯಲ್ಲಿ ಸಿಗುತ್ತಿರುವ ಮೂರು ಗಂಟೆಯಷ್ಟು ಗದ್ದಲವಿಲ್ಲದ ಹೊತ್ತು ಮನೆಯಲ್ಲಿ ಸಿಗಲಾರದು.

ಇನ್ನೊಂದು ಪರೀಕ್ಷೆಯನ್ನೂ ಗಮನಿಸಿ. ಎಂ.ಕಾಂ.ನಲ್ಲಿ ಶೇ 55 ಅಂಕ (ಪರಿಶಿಷ್ಟರಿಗೂ ಹಿಂದುಳಿದ ವರ್ಗದವರಿಗೂ ಶೇ 50) ಇದ್ದರೆ ಕಾಲೇಜಿನಲ್ಲಿ ಪಾಠ ಹೇಳುವ ಅರ್ಹತೆಗಾಗಿ ನಡೆಯುವ ಯುಜಿಸಿ ನೆಟ್ ಅಥವಾ ಕೆ-ಸೆಟ್ ಬರೆಯಬಹುದು. ಸಹಾಯಕ ಪ್ರಾಧ್ಯಾಪಕ ಅರ್ಹತೆಗೆ ಗರಿಷ್ಠ ವಯಸ್ಸಿನ ತಡೆಯಿಲ್ಲ. ನೆಟ್‌ನಲ್ಲಿ ಮೂರು ಗಂಟೆಯಲ್ಲಿ 150 ಪ್ರಶ್ನೆ, 300 ಅಂಕ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಪಾಸಾದ ಕೂಡಲೇ ಕೆಲಸ ಸಿಗುವುದಿಲ್ಲ, ಅತಿಥಿ ಉಪನ್ಯಾಸಕರ ಪಾಡು ನಿಮಗೆ ಗೊತ್ತೇ ಇದೆ. ಆದರೆ ವಾಣಿಜ್ಯದ ಪಠ್ಯವನ್ನು ಮೊದಲಿನಿಂದ ತಿರುವಿ ಹಾಕಲು ಅದೊಂದು ನೆಪ, ಮತ್ತು ವಯಸ್ಸು ಮೀರಿದರೂ ಆ ಬಾಗಿಲು ಮುಚ್ಚುವುದಿಲ್ಲ.

ಮಿಲ್ ನಡೆಸುವವ

ಮಾಲೀಕರ ಕಡೆಯ ಮಾತೂ ಒಂದಿರಲಿ. ನಾನು ಬೇರೆ ಊರಿನವನು, ನಿಮ್ಮ ಸಾಹುಕಾರನಲ್ಲ, ಭಯ ಬೇಡ.

ಲೆಕ್ಕಿಗರು ಬರೆದ ಎಪ್ಪತ್ತು ಎಪ್ಪತ್ತೈದರ ಲೆಕ್ಕವನ್ನು ನಾವು ಎಲ್ಲರ ಮುಂದೆ ಬಿಚ್ಚುವುದಿಲ್ಲ. ಯಾವ ಮಾಲಿನಲ್ಲಿ ಎಷ್ಟು ಬೇಳೆ ಬರುತ್ತದೆಂಬುದು ಹೊರಗೆ ಹೋದರೆ ಮರುದಿನ ಹರಾಜಿನಲ್ಲಿ ಪಕ್ಕದವನು ನಮ್ಮ ಮೇಲೆ ಕೂಗುತ್ತಾನೆ. ಆದ್ದರಿಂದ "ನನಗೆ ಸವಾಲಿನ ಕೆಲಸ ಕೊಡಿ" ಎಂದು ಕೇಳಿದರೆ, ಸಾಹುಕಾರರು ನಕ್ಕು ಚಹಾ ತರಿಸಿ ಕಳುಹಿಸುತ್ತಾರೆ. ಅವರ ದುಡ್ಡು ಸೋರುವ ಒಂದು ಜಾಗವನ್ನು ಹಿಡಿದುಕೊಂಡು ಹೋಗಿ. ನುಚ್ಚು ಮತ್ತು ಹೊಟ್ಟು ತೂಕ ಮಾಡದೆ ಚೀಲದ ಲೆಕ್ಕದಲ್ಲಿ ಹೋಗುತ್ತಿದ್ದರೆ, ಕಳೆದ ಮೂರು ತಿಂಗಳ ಚೀಲವನ್ನೂ ಬಂದ ಹಣವನ್ನೂ ಒಂದು ಹಾಳೆಯಲ್ಲಿ ಬರೆದು ತೋರಿಸಿ. ಅಡತಿಯವರ ಪಟ್ಟಿಯಲ್ಲಿರುವ ತೂಕಕ್ಕೂ ನಿಮ್ಮ ಚೀಟಿಯ ತೂಕಕ್ಕೂ ವ್ಯತ್ಯಾಸವಿದ್ದರೆ ಯಾರ ಮಾಲಿನಲ್ಲಿ ಎಷ್ಟೆಂದು ತೋರಿಸಿ. ಆಮೇಲೆ ಅವರೇ ರಿಜಿಸ್ಟರ್ ತೆಗೆದು ಕೊಡುತ್ತಾರೆ.

ನಾಲ್ಕು ಗಂಟೆಯಲ್ಲಿ ಒಂದು ಗಂಟೆಯ ಕೆಲಸವಿದ್ದರೂ ನಾವು ಯಾಕೆ ಸಂಬಳ ಕೊಡುತ್ತೇವೆಂದು ನೀವು ಯೋಚಿಸಿರಬಹುದು. ಸುಗ್ಗಿಯ ಮೂರು ತಿಂಗಳು ನಂಬಿಕಸ್ಥರು ಸಿಗುವುದಿಲ್ಲ, ಅದಕ್ಕಾಗಿ ಉಳಿದ ಒಂಬತ್ತು ತಿಂಗಳು ಉಳಿಸಿಕೊಳ್ಳುತ್ತೇವೆ. ಅಂದರೆ ಡಿಸೆಂಬರ್‌ನಲ್ಲಿ ನಿಮ್ಮ ಮಾತಿಗೆ ಇರುವ ಬೆಲೆ ಜುಲೈನಲ್ಲಿ ಇರುವುದಿಲ್ಲ. ಸಂಬಳವಾಗಲಿ ಕೆಲಸದ ಬಗೆಯಾಗಲಿ ಬದಲಾಗಬೇಕಾದರೆ ಹೊಸ ತೊಗರಿ ಬರುವ ಮುಂಚೆ, ದೀಪಾವಳಿಯ ಲಕ್ಷ್ಮಿ ಪೂಜೆಗೂ ಮೊದಲ ಲಾರಿಗೂ ನಡುವೆ ಕೇಳಿ. ಮತ್ತೆ, ಸುಗ್ಗಿಯ ನಡುವೆ ಬಿಟ್ಟು ಹೋಗಬೇಡಿ, ಗಂಜು ಚಿಕ್ಕದು.

ಬ್ರಹ್ಮಪುರದಾಕಿ

ಎಲ್ಲರಿಗೂ ಧನ್ಯವಾದ. ಉತ್ತರಿಸಲು ತಡವಾದದ್ದಕ್ಕೆ ಕಾರಣ, ನೀವು ಹೇಳಿದವುಗಳಲ್ಲಿ ಕೆಲವನ್ನು ಮಾಡಿ ನೋಡಿಯೇ ಬರೆಯೋಣವೆಂದುಕೊಂಡೆ.

ಪಿಎಫ್ ದಾಖಲೆಯಲ್ಲಿ ನನ್ನ ಸೇರ್ಪಡೆಯ ದಿನಾಂಕ ನಾನು ನಿಜವಾಗಿ ಸೇರಿದ ತಿಂಗಳಿಗಿಂತ ಮೂರು ತಿಂಗಳು ತಡವಾಗಿದೆ. ನೇಮಕದ ಪತ್ರ ಇಲ್ಲ. ಆದರೆ ಮೊದಲ ತಿಂಗಳ ಸಂಬಳವೂ ಬ್ಯಾಂಕಿಗೇ ಬಂದಿರುವುದರಿಂದ ಪಾಸ್‌ಬುಕ್ಕಿನಲ್ಲಿ ಅದರ ನಮೂದು ಇದೆ. ಆ ಪುಟದ ನಕಲು ತೆಗೆದಿಟ್ಟಿದ್ದೇನೆ. ಅರ್ಹತಾ ಪ್ರಮಾಣಪತ್ರ ಎಂ.ಕಾಂ. ಸೇರುವಾಗಲೇ ಮಾಡಿಸಿದ್ದು, ತವರಿನ ಹೆಸರಿನಲ್ಲಿದೆ.

ಬೀದರಿನ ಅಕ್ಕನವರು ಕೇಳಿದ ಪ್ರಶ್ನೆಗೆ ನನಗೆ ಸ್ವಲ್ಪ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ. ಆಮೇಲೆ ಆ ಬರಹವನ್ನು ಯಜಮಾನರಿಗೇ ಓದಿ ಹೇಳಿದೆ. ಅವರು ಖಾಸಗಿ ಕಾಲೇಜಿನಲ್ಲಿದ್ದಾರೆ, ಮೂರೂವರೆಗೆ ಬಿಡುವಾಗುತ್ತದೆ. ಈ ತಿಂಗಳು ಮಗಳನ್ನು ಕರೆತರುವುದು ಅವರ ಪಾಲಿಗೆ ಬಂದಿದೆ. ಶಾಲೆಯವರು ಅರ್ಧ ಗಂಟೆ ಕೂರಿಸಿಕೊಳ್ಳಲು ಒಪ್ಪಿದ್ದಾರೆ. ಅತ್ತೆಯವರ ಊಟಕ್ಕೆ ಮಾತ್ರ ಇನ್ನೂ ದಾರಿ ಕಂಡಿಲ್ಲ, ಸೇಡಂ ಕೆಲಸದ ವಿಚಾರ ಅಲ್ಲಿಗೇ ಬಂದು ನಿಲ್ಲುತ್ತದೆ.

ಮಿಲ್ ನಡೆಸುವ ಅಣ್ಣನವರ ಮಾತಿನಂತೆ ಅಡತಿ ಪಟ್ಟಿಗಳನ್ನೂ ತೂಕದ ಚೀಟಿಗಳನ್ನೂ ಎದುರು ಬದುರು ಇಟ್ಟು ಕಳೆದ ಸುಗ್ಗಿಯ ಎರಡು ತಿಂಗಳನ್ನು ತಾಳೆ ನೋಡಿದೆ. ಹೆಚ್ಚಿನ ಕಡೆ ವ್ಯತ್ಯಾಸ ಒಂದೆರಡು ಕಿಲೋ. ಒಂದು ಅಂಗಡಿಯ ಮಾಲಿನಲ್ಲಿ ಮಾತ್ರ ಪ್ರತಿ ಲಾರಿಗೂ ಚೀಲದ ತೂಕವನ್ನು ಕಳೆಯದೆಯೇ ಪಟ್ಟಿ ಮಾಡಿದ್ದಾರೆ. ಅದನ್ನು ನೋಡುತ್ತ ಕುಳಿತಾಗ ಎರಡೂವರೆ ಆದದ್ದು ಗೊತ್ತಾಗಲಿಲ್ಲ. ಸಾಹುಕಾರರಿಗೆ ತೋರಿಸಿದೆ. ಅವರು ಹೆಚ್ಚು ಮಾತನಾಡಲಿಲ್ಲ, ಹಾಳೆಯನ್ನು ಮಡಿಚಿ ಜೇಬಿಗಿಟ್ಟುಕೊಂಡರು. ಮರುದಿನ ಆಡಿಟರ್ ಕಚೇರಿಗೆ ಫೋನ್ ಮಾಡಿ, ಮುಂದಿನ ತಿಂಗಳಿನಿಂದ ರಿಟರ್ನ್ ಸಿದ್ಧಪಡಿಸುವ ದಿನ ನಾನು ಅಲ್ಲಿಗೆ ಬರುತ್ತೇನೆಂದು ಹೇಳಿದರು.

ಯುಗಾದಿಯವರೆಗೆ ಬಿಡುವುದಿಲ್ಲ ಎಂಬಷ್ಟು ನಿರ್ಧಾರವಾಗಿದೆ. ಪರೀಕ್ಷೆಯ ವಿಚಾರದಲ್ಲಿ ಮೇಷ್ಟ್ರು ಹೇಳಿದ ಎಣಿಕೆ ಮಾಡಿದೆ. ನನಗೆ ಐದು ವರ್ಷ ಉಳಿದಿದೆ. ಸೇಡಂನವರಿಗೆ ಏನೆಂದು ಉತ್ತರ ಕೊಡಬೇಕು, ಈಗಲೇ ಬೇಡವೆನ್ನಬೇಕೇ, ಸಮಯ ಕೇಳಬೇಕೇ ಎಂಬುದು ತಿಳಿಯುತ್ತಿಲ್ಲ.

ಗಂಜಿನ ಲೆಕ್ಕಿಗ

ಈಗಲೇ ಬೇಡವೆನ್ನಬೇಡಿ. ಹೊಸ ಆರ್ಥಿಕ ವರ್ಷದಿಂದ ಬನ್ನಿ ಎಂದವರು ಅವರೇ ಅಲ್ಲವೇ? ಜನವರಿಯಲ್ಲಿ ಖಚಿತವಾಗಿ ತಿಳಿಸುತ್ತೇನೆಂದು ಬರಹದಲ್ಲಿ ಕಳುಹಿಸಿ, ಅದಕ್ಕೆ ಅವರಿಂದಲೂ ಬರಹದಲ್ಲಿಯೇ ಉತ್ತರ ಪಡೆಯಿರಿ. ಅಷ್ಟರಲ್ಲಿ ಐದಾರು ತಿಂಗಳ ರಿಟರ್ನ್ ನಿಮ್ಮ ಕೈಯಿಂದ ಹೋಗಿರುತ್ತದೆ, 19,000 ಎಂಬ ಅಂಕಿಯನ್ನೂ ಆಗ ಮತ್ತೊಮ್ಮೆ ಮಾತನಾಡಬಹುದು.

ಸೇರ್ಪಡೆಯ ದಿನಾಂಕದ ವ್ಯತ್ಯಾಸವನ್ನು ಮಾತ್ರ ಮುಂದಕ್ಕೆ ಹಾಕಬೇಡಿ. ಮೂರು ತಿಂಗಳು ತಡವಾಗಿ ನಮೂದಾಗಿದ್ದರೆ ಕಾಗದದ ಪ್ರಕಾರ ಐದು ವರ್ಷ ತುಂಬುವುದು ಯುಗಾದಿಗಲ್ಲ, ಆಷಾಢದ ಹೊತ್ತಿಗೆ. ಸಾಹುಕಾರರು ನಿಮ್ಮ ಮೇಲೆ ಪ್ರಸನ್ನರಾಗಿರುವ ಈ ವಾರದಲ್ಲಿಯೇ, ಇಂಥ ದಿನಾಂಕದಿಂದ ಸೇವೆಯಲ್ಲಿದ್ದಾರೆ ಎಂದು ಮಿಲ್ಲಿನ ಲೆಟರ್‌ಹೆಡ್ಡಿನ ಮೇಲೆ ಎರಡು ಸಾಲಿನ ಸೇವಾ ಪ್ರಮಾಣಪತ್ರ ಬರೆಸಿಕೊಳ್ಳಿ. ಬ್ಯಾಂಕ್ ಸಾಲಕ್ಕೆ ಬೇಕಿದೆ ಎಂದರೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ ಎಂದು ಕೆಲವರು ಸಲಹೆ ಕೊಟ್ಟಾರು. ಅದು ಬೇಡ, ಗ್ರಾಚ್ಯುಟಿಗೆ ಎಂದೇ ಹೇಳಿ. ಚೀಲದ ತೂಕ ಹಿಡಿದುಕೊಟ್ಟವರಿಗೆ ಅಷ್ಟು ಕೇಳುವ ಹಕ್ಕಿದೆ.